ಹಿಂದಿನ ಕೋಣೆಯವರೆಗೆ

ಬಾಡಿಗೆ ಮನೆ ನೋಡಲು ಹೋದ ದಿನ ಅವರು ನನ್ನ ಊರು ಯಾವುದೆಂದು ಕೇಳಿದರು. "ಗದಗ" ಎಂದೆ. ಅವರು ಕಣ್ಣು ಮುಚ್ಚಿ, ಸ್ವಲ್ಪ ತಡೆದು, ಗದಗಿನ ಎಸ್‌ಟಿಡಿ ಕೋಡ್ ಹೇಳಿದರು. ಆಮೇಲೆ ಕಣ್ಣು ತೆರೆದು, "ಸರಿ ಉಂಟಲ್ವಾ?" ಎಂದು ನನ್ನ ಮುಖ ನೋಡಿದರು. ಸರಿ ಇತ್ತು. ನಾನು ತಲೆಯಾಡಿಸಿದ ಮೇಲೆಯೇ ಅವರು ಬೀಗದ ಕೈ ತೆಗೆದುಕೊಂಡು ಮಹಡಿಯ ಕೋಣೆ ತೋರಿಸಲು ಎದ್ದದ್ದು.

ಆಗ ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡು ಸಾವಿರದ ಎಂಟು-ಒಂಬತ್ತರ ಸುಮಾರು. ಪರ್ಕಳದಲ್ಲಿ ಬಾಡಿಗೆ ಸ್ವಲ್ಪ ಕಡಿಮೆ ಎಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೆ ಹೋಗಿದ್ದೆ. ಮನೆಯ ಯಜಮಾನತಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿಯ ಜೊತೆ ಕೆಳಗೆ ಇದ್ದರು. ಓಣಿಯವರೆಲ್ಲ ಅವರನ್ನು ಟೆಲಿಫೋನ್ ಅಕ್ಕ ಎನ್ನುತ್ತಿದ್ದರು. ನಾನು ಬರೀ ಅಕ್ಕ ಎಂದೆ. ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ತಂಗಿಯ ಮಗಳು ಮುಂಬೈಯಿಂದ ಫೋನ್ ಮಾಡಿದಳು. ಅಂದಿನಿಂದ ಆ ಮನೆಯ ಒಂದು ಭಾನುವಾರ ಮನಸ್ಸಿನಲ್ಲಿ ಸುತ್ತುತ್ತಿದೆ. ಅದನ್ನು ಹೇಳಬೇಕಾದರೆ ಮೊದಲು ಅವರು ಎಂಥವರು ಎಂಬುದನ್ನು ಹೇಳಬೇಕು.

ಅವರಿಗೆ ಮುಚ್ಚಿದ ಪೆಟ್ಟಿಗೆಯನ್ನು ಕಂಡರೆ ಆಗುತ್ತಿರಲಿಲ್ಲ. ಮಿಕ್ಸಿ ನಿಂತರೆ ರಿಪೇರಿಯವನಿಗೆ ಫೋನ್ ಮಾಡುತ್ತಿದ್ದರು. ಅವನು ಬರುವಷ್ಟರಲ್ಲಿ ತಾವೇ ಅದನ್ನು ಬಿಚ್ಚಿ, ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟು ಕಾಯುತ್ತಿದ್ದರು. ಸರಿ ಮಾಡಲು ಅವರಿಗೆ ಬರುತ್ತಿರಲಿಲ್ಲ, ಆ ಬಗ್ಗೆ ಬೇಸರವೂ ಇರಲಿಲ್ಲ. "ಒಳಗೆ ಎಂತ ಉಂಟು ಅಂತ ನೋಡಿದೆ, ಅಷ್ಟೇ" ಎನ್ನುತ್ತಿದ್ದರು. ಬ್ರಾಡ್‌ಬ್ಯಾಂಡ್ ಬಂದಾಗ ನಮ್ಮ ಓಣಿಯಲ್ಲಿ ಮೊದಲು ಹಾಕಿಸಿಕೊಂಡವರು ಅವರೇ. ಆಗ ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಯಾಕೆ ಹಾಕಿಸಿದಿರಿ ಎಂದು ಕೇಳಿದರೆ, "ಮೊದಲು ಲೈನು ಬರಲಿ ಮಾರಾಯ್ತಿ, ಯಂತ್ರ ಮತ್ತೆ ಹೇಗೂ ಬರುತ್ತದೆ" ಎಂದಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದವರು ಆ ಲೈನನ್ನು ಬಳಸುತ್ತಿದ್ದರು. ಅಕ್ಕ ಕೆಳಗೆ ಕುಳಿತು ರೂಟರಿನ ದೀಪಗಳು ಮಿಣುಕುವುದನ್ನು ನೋಡುತ್ತಿದ್ದರು. "ಈಗ ಯಾರೋ ಮಾತಾಡುತ್ತಿದ್ದಾರೆ" ಎಂದು ನನಗೆ ತೋರಿಸುತ್ತಿದ್ದರು.

ಅವರ ಧ್ವನಿ ವಯಸ್ಸಿಗಿಂತ ಬಹಳ ಎಳೆಯದು. ಒಂದೊಂದು ಅಕ್ಷರವನ್ನೂ ಬಿಡಿಸಿ, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ನನ್ನ "ಹಂಗಲ್ರೀ", "ಹೌದೇನ್ರೀ" ಕೇಳಿ ಅವರಿಗೆ ನಗು. ಕೆಲವನ್ನು ನನ್ನ ಹತ್ತಿರ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಒಮ್ಮೆ ನಾವಿಬ್ಬರೂ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಬ್ಬರು ಟಿಕೆಟಿಗಾಗಿ ಜಗಳವಾಡುವುದು ಕೇಳಿಸಿತು. ಅಕ್ಕ ತಿರುಗಿಯೂ ನೋಡದೆ ಪಿಸುಗುಟ್ಟಿದರು: "ಇವರದ್ದು ಕಾರ್ಕಳದಲ್ಲಿ ಬಟ್ಟೆ ಅಂಗಡಿ ಇತ್ತು. ದಿನಾ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಮುಖ ಇವತ್ತೇ ನೋಡುವುದು." ಆಮೇಲೆ ತಿರುಗಿ ನೋಡಿ, ನಿರಾಸೆಯಾದವರಂತೆ, "ನಾನು ತೆಳ್ಳಗಿನವರು ಅಂದುಕೊಂಡಿದ್ದೆ" ಎಂದರು.

ಕಾರ್ಕಳ ಅವರ ಮೊದಲ ಕೆಲಸದ ಊರು. ಆಗ ದೂರದ ಕರೆ ಸಿಕ್ಕರೂ ಒಮ್ಮೊಮ್ಮೆ ಆ ಕಡೆಯ ಮಾತು ಈ ಕಡೆ ಕೇಳುತ್ತಿರಲಿಲ್ಲವಂತೆ. ನಡುವೆ ಕುಳಿತ ಆಪರೇಟರಿಗೆ ಇಬ್ಬರದ್ದೂ ಕೇಳುತ್ತಿತ್ತು. ಹಾಗಾದಾಗ ಆಪರೇಟರೇ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಹೇಳಬೇಕು. "ಒಂದು ಸಲ ಒಬ್ಬ ಗಂಡ ಹೆಂಡತಿಗೆ ಎಂತೆಂತದೋ ಹೇಳಿದ. ನಾನು ಹುಡುಗಿ. ಅದನ್ನೆಲ್ಲ ನನ್ನ ಬಾಯಿಯಲ್ಲಿ ಹೇಗೆ ಹೇಳುವುದು? ಅವರು ಚೆನ್ನಾಗಿದ್ದಾರಂತೆ ಎಂದು ಹೇಳಿ ಮುಗಿಸಿದೆ." ಇದನ್ನು ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ಇಷ್ಟೆಲ್ಲ ಮಾತನ್ನು ದಾಟಿಸಿದವರಿಗೆ ಒಬ್ಬಳೇ ತಂಗಿ, ಆಕೆಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಇಬ್ಬರೂ ಕಾಪುವಿನ ಕಡಲ ಬದಿಯ ಮನೆಯಲ್ಲಿ ಹುಟ್ಟಿ ಬೆಳೆದವರು. ತಂದೆ ದೋಣಿಗೆ ಹೋಗುತ್ತಿದ್ದರು, ತಾಯಿ ಮೀನು ಮಾರುತ್ತಿದ್ದರು. ತಂಗಿಗಾಗಿ ಆ ಮನೆಯವರು ತಮ್ಮದೇ ಕೈಭಾಷೆಯೊಂದನ್ನು ಮಾಡಿಕೊಂಡಿದ್ದರು. ಮೂಗು ಮುಟ್ಟಿದರೆ ಅಜ್ಜಿ, ಕೆನ್ನೆಯ ಮೇಲೆ ಎರಡು ಬೆರಳು ಎಳೆದರೆ ಬಂಗುಡೆ ಮೀನು. ತಂಗಿ ತನ್ನಂತೆಯೇ ಕಿವಿ ಕೇಳಿಸದ ಒಬ್ಬರನ್ನು ಮದುವೆಯಾಗಿ ಮುಂಬೈಗೆ ಹೋದರು. ಮಗಳು ಹುಟ್ಟಿದಳು, ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಮನೆಗೆ ಫೋನ್ ಬಂದ ಮೇಲೆ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಎತ್ತುತ್ತಿದ್ದದ್ದು ಆ ಮಗಳು. "ಅಮ್ಮ ಚೆನ್ನಾಗಿದ್ದಾರೆ ದೊಡ್ಡಮ್ಮ" ಎನ್ನುತ್ತಿದ್ದಳು. ಅಷ್ಟೇ. ತಂಗಿಯ ಗಂಡನಿಗೆ ಕಿಡ್ನಿಯ ಕಾಯಿಲೆಯಾಗಿ ವಾರಕ್ಕೆ ಹಲವು ಸಲ ಆಸ್ಪತ್ರೆಗೆ ಹೋಗಬೇಕಾಗಿ ಬಂದ ಮೇಲೆ ತಂಗಿ ಊರಿಗೆ ಬರುವುದೂ ನಿಂತಿತ್ತು.

ನಾನು ಬಂದ ಕೆಲವು ತಿಂಗಳಿಗೆ ಅಕ್ಕನ ತಾಯಿ ಬಚ್ಚಲಿನ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಈ ವಯಸ್ಸಿಗೆ ಆಪರೇಷನ್ ಬೇಡ ಎಂದು ಡಾಕ್ಟರು ಕಾಲಿಗೆ ತೂಕ ಕಟ್ಟಿ, ಅಲುಗಾಡಿಸಲೇ ಬಾರದೆಂದು ಹೇಳಿ ಮನೆಗೆ ಕಳಿಸಿದ್ದರು. ಅಡುಗೆಮನೆಯ ಆಚೆಗಿನ ಹಿಂದಿನ ಕೋಣೆಯಲ್ಲಿ ಅವರ ಮಂಚ. ಮೊದಮೊದಲು ನಾನು ಹೋದರೆ ತುಳುವಿನಲ್ಲಿ ಏನೋ ಕೇಳಿ, ನನಗೆ ಅರ್ಥವಾಗದ್ದಕ್ಕೆ ನಗುತ್ತಿದ್ದರು. ಬರಬರುತ್ತ ನಗು ನಿಂತಿತು. ಒಂದು ದಿನ ಊಟದ ತಟ್ಟೆಯನ್ನು ಕೈಯಿಂದ ಸರಿಸಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಮರುದಿನ ಅಕ್ಕ ಮಹಡಿಯ ಮೆಟ್ಟಿಲ ಮೇಲೆ ಬಂದು ಕುಳಿತರು. ಅವರು ಹಾಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ.

"ತಂಗಿ ಸತ್ತುಹೋಗಿದ್ದಾಳೆ, ನಾವೆಲ್ಲ ಸೇರಿ ಅಡಗಿಸುತ್ತಿದ್ದೇವೆ ಅಂತ ಅಮ್ಮ ಹೇಳುತ್ತಾರೆ" ಎಂದರು. "ನಾನು ಬಿದ್ದ ಮೇಲೂ ಅವಳು ಬರಲಿಲ್ಲ ಎಂದರೆ ಅವಳು ಇಲ್ಲ, ಅಷ್ಟೇ ಎನ್ನುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಫೋನ್ ಕಿವಿಗೆ ಹಿಡಿದು ದನಿ ಕೇಳಿಸಬಹುದಿತ್ತು. ಇವಳ ದನಿ ಎಲ್ಲಿಂದ ತರುವುದು? ಮಗಳ ಹತ್ತಿರ ಮಾತಾಡಿಸಿದೆ. ಅವಳಿಗೂ ನೀನೇ ಹೇಳಿಕೊಟ್ಟಿದ್ದಿ ಎಂದರು."

ಅಷ್ಟರಲ್ಲಾಗಲೇ ಆ ಮಗಳು ಮುಂಬೈಯಲ್ಲಿ ಕ್ಯಾಮೆರಾ ಇರುವ ಕಂಪ್ಯೂಟರ್ ತೆಗೆದುಕೊಂಡಿದ್ದಳು. ಹಿಂದಿನ ವಾರವೇ ನನ್ನ ಲ್ಯಾಪ್‌ಟಾಪಿನಲ್ಲಿ, ಮನೆಯ ಮುಂಭಾಗದ ಚಾವಡಿಯಲ್ಲಿ ಕುಳಿತು, ಅಕ್ಕ ತಂಗಿಯನ್ನು ನೋಡಿದ್ದರು. ಅದನ್ನು ಅಮ್ಮನಿಗೆ ಹೇಳಿದರೆ, "ನೀನು ಕಂಡದ್ದು ನಿನಗೆ" ಎಂದಿದ್ದರಂತೆ. ಅಮ್ಮನನ್ನು ಚಾವಡಿಗೆ ತರುವ ಹಾಗಿಲ್ಲ. ಚಾವಡಿಯ ರೂಟರಿನ ಸಿಗ್ನಲ್ ಹಿಂದಿನ ಕೋಣೆಗೆ ಹೋಗುವುದಿಲ್ಲ. ನಡುವೆ ದಪ್ಪ ಕೆಂಪುಕಲ್ಲಿನ ಗೋಡೆಗಳು.

"ಉದ್ದದ ವಯರು ಎಳೆದರಾಯ್ತಲ್ರೀ ಅಕ್ಕಾ" ಎಂದೆ.

"ಇವತ್ತು ಭಾನುವಾರ. ಅಂಗಡಿ ಮುಚ್ಚಿದೆ. ಅಮ್ಮ ನಿನ್ನೆಯಿಂದ ನೀರು ಬಿಟ್ಟು ಎಂತದ್ದೂ ಮುಟ್ಟಲಿಲ್ಲ." ನಂತರ ಮುಖ ಎತ್ತಿ, "ಆ ಹುಡುಗರು ಬಿಟ್ಟುಹೋದದ್ದು ಒಂದು ಉಂಟಲ್ಲ?" ಎಂದರು.

ಮಹಡಿ ಖಾಲಿ ಮಾಡಿ ಹೋಗುವ ವಿದ್ಯಾರ್ಥಿಗಳು ಬಿಟ್ಟುಹೋದ ಬಕೆಟ್ಟು, ಟೇಬಲ್ ಫ್ಯಾನು, ಒಂಟಿ ಶಟಲ್ ಬ್ಯಾಟು ಇತ್ಯಾದಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿರುತ್ತಿತ್ತು. ಯಾರಾದರೂ ಕೇಳಿಕೊಂಡು ಬಂದಾರು ಎಂದು ಅಕ್ಕ ಯಾವುದನ್ನೂ ಎಸೆಯುತ್ತಿರಲಿಲ್ಲ. ಅದರೊಳಗೆ ಎರಡು ಕಡ್ಡಿಗಳ ಒಂದು ಹಳೇ ರೂಟರ್ ಇತ್ತು. ಇನ್ನೊಂದು ರೂಟರಿನ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುವ ಹಾಗೆ ಇಂಥವನ್ನು ಬದಲಾಯಿಸಬಹುದು ಎಂದು ನಾನು ಎಲ್ಲೋ ಓದಿದ್ದೆ. ಓದಿದ್ದೆ ಅಷ್ಟೇ. ಲ್ಯಾಪ್‌ಟಾಪ್ ತೆರೆದು ಆ ಪುಟವನ್ನು ಹುಡುಕಿದೆ.

ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಮೊದಲು ತಿಳಿಯಬೇಕಿತ್ತು. ತೀರ ಹತ್ತಿರ ಇಟ್ಟರೆ ಪ್ರಯೋಜನವಿಲ್ಲ, ದೂರ ಇಟ್ಟರೆ ಅದಕ್ಕೇ ಸಿಗ್ನಲ್ ಸಿಗದು. ಅಕ್ಕ ಸೀಮೆಸುಣ್ಣ ತಂದರು. ನಾನು ತೆರೆದ ಲ್ಯಾಪ್‌ಟಾಪನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆದೆ, ಅವರು ನನ್ನ ಹಿಂದೆ. ನಾನು ಸಿಗ್ನಲಿನ ಎಷ್ಟು ಗೆರೆ ಇದೆ ಎಂದು ಹೇಳಿದಲ್ಲೆಲ್ಲ ಅವರು ನೆಲದ ಮೇಲೆ ಅಷ್ಟು ಗೀಟು ಹಾಕಿದರು. ಚಾವಡಿಯಲ್ಲಿ ಐದು. ಊಟದ ಕೋಣೆಯಲ್ಲಿ ಎರಡು. ಅಡುಗೆಮನೆಯ ಬಾಗಿಲಲ್ಲಿ ಒಂದು, ಅದೂ ಬಂದು ಹೋಗುವುದು. ಹಿಂದಿನ ಕೋಣೆಯಲ್ಲಿ ಏನೂ ಇಲ್ಲ. ಅಮ್ಮ ಗೋಡೆ ನೋಡುತ್ತ ಮಲಗಿದ್ದರು, ನಾವು ಬಂದದ್ದಕ್ಕೂ ತಿರುಗಲಿಲ್ಲ.

ಸುಮ್ಮನೆ ನೋಡೋಣ ಎಂದು ಅಕ್ಕ ನನ್ನನ್ನು ಹೊರಗೆ ಬಾವಿಕಟ್ಟೆಯವರೆಗೂ ಕರೆದುಕೊಂಡು ಹೋದರು. ಅಲ್ಲಿ ಮೂರು ಗೆರೆ!

"ಇದೆಂತ ಮಾರಾಯ್ತಿ! ಒಳಗೆ ಇಲ್ಲದ್ದು ಹೊರಗೆ ಉಂಟಾ?" ಅವರಿಗೆ ಒಂದು ಗಳಿಗೆ ಅಮ್ಮನೂ ಮರೆತುಹೋದರೋ ಏನೋ. ಬಾವಿಯ ಸುತ್ತ ನನ್ನನ್ನು ನಡೆಸಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತೆಂಗಿನ ಬುಡದಲ್ಲಿ, ಎಲ್ಲ ಕಡೆ ನಿಲ್ಲಿಸಿದರು. ಕೊನೆಗೆ ಚಾವಡಿಯ ಕಿಟಕಿ ಆ ಬದಿಗೆ ತೆರೆದಿರುವುದನ್ನು ಕಂಡು, "ಕಿಟಕಿಯಿಂದ ಹಾರಿ ಬಂದದ್ದು ಇದು" ಎಂದರು.

ಹಿಂದಿನ ಹುಡುಗರ ಪಾಸ್‌ವರ್ಡ್ ನಮಗೆ ಗೊತ್ತಿರಲಿಲ್ಲ. ರೂಟರಿನ ಬೆನ್ನಿನ ಸಣ್ಣ ತೂತಿನಲ್ಲಿ ಸೇಫ್ಟಿ ಪಿನ್ ಒತ್ತಿ ಹಿಡಿದೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಈಗ ಇದು ಹಳೆಯದನ್ನೆಲ್ಲ ಮರೆತಿದೆ ಎಂದೆ. "ಮರೆಸುವುದು ಇಷ್ಟು ಸುಲಭವಾ?" ಎಂದು ಅಕ್ಕ ಪೆಟ್ಟಿಗೆಯನ್ನು ತಿರುಗಿಸಿ ಆ ತೂತನ್ನು ನೋಡಿದರು. ಪುಟದಲ್ಲಿ ಹೇಳಿದಂತೆ ಲ್ಯಾಪ್‌ಟಾಪಿಗೆ ಸಣ್ಣ ವಯರಿನಿಂದ ಜೋಡಿಸಿ, ಅದರ ಸೆಟ್ಟಿಂಗ್ ತೆರೆದು, ರಿಪೀಟರ್ ಎಂಬುದನ್ನು ಆರಿಸಿ, ಚಾವಡಿಯ ರೂಟರಿನ ಹೆಸರು, ಪಾಸ್‌ವರ್ಡ್ ಕೊಟ್ಟೆ. ಅಡುಗೆಮನೆಯ ಫ್ರಿಜ್ಜಿನ ಮೇಲೆ ಇಟ್ಟೆವು. ಹಿಂದಿನ ಕೋಣೆಯಲ್ಲಿ ನಾಲ್ಕು ಗೆರೆ ಬಂದವು. ಆದರೆ ಒಂದು ಪುಟವೂ ತೆರೆಯಲಿಲ್ಲ.

ಮತ್ತೆ ಓದಿದೆ. ಎರಡು ರೂಟರಿಗೂ ಕಾರ್ಖಾನೆಯಿಂದ ಬರುವಾಗ ಒಂದೇ ವಿಳಾಸ ಇರುತ್ತದಂತೆ, ಒಂದರದ್ದನ್ನು ಬದಲಾಯಿಸಬೇಕು. ಮನೆಗೆ ಬಂದ ಯಂತ್ರಗಳಿಗೆಲ್ಲ ನಂಬರ್ ಹಂಚುವ ಕೆಲಸವನ್ನೂ ಎರಡೂ ಮಾಡುತ್ತವೆ, ಎರಡನೆಯದು ಅದನ್ನು ಬಿಡಬೇಕು. ನಾನು ಇದನ್ನು ಗಟ್ಟಿಯಾಗಿ ಓದುವಾಗ ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. "ಇಬ್ಬರಿಗೂ ಒಂದೇ ನಂಬರಾ? ಮತ್ತೆ ಕಾಲ್ ಯಾರಿಗೆ ಹೋಗಬೇಕು? ಬದಲಾಯಿಸು, ಬದಲಾಯಿಸು!" ಬದಲಾಯಿಸಿದೆ, ಹಂಚುವುದನ್ನೂ ನಿಲ್ಲಿಸಿದೆ. ಪುಟ ತೆರೆಯಿತು.

ಮುಂಬೈಗೆ ಕರೆ ಮಾಡಿದೆವು. ಅಮ್ಮನ ಮಂಚದ ಪಕ್ಕ ಒಂದು ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪು. ತಂಗಿಯ ಮುಖ ಬಂತು. ನೆರೆತ ಕೂದಲು, ಹಸಿರು ಬಣ್ಣದ ಸೀರೆ. ಅಕ್ಕ ಅಮ್ಮನ ಭುಜ ಮುಟ್ಟಿ ತುಳುವಿನಲ್ಲಿ ಏನೋ ಹೇಳಿದರು. ಅಮ್ಮ ನಿಧಾನಕ್ಕೆ ಕುತ್ತಿಗೆ ತಿರುಗಿಸಿದರು.

ತಂಗಿ ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ನಿಂತಿತು. ಮುಖವೂ ನಿಂತಿತು. ಮತ್ತೆ ಒಂದು ಸಲ ಹಾರಿ ಇನ್ನೊಂದು ಕಡೆ ಕಾಣಿಸಿಕೊಂಡು ಅಲ್ಲಿಯೂ ನಿಂತಿತು.

ಅಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ, "ಫೋಟೋ". ಅಕ್ಕ ನನಗಾಗಿ ಕನ್ನಡದಲ್ಲಿ ಹೇಳಿದರು: "ಸತ್ತವರ ಫೋಟೋ ಯಾಕೆ ತೋರಿಸುತ್ತೀರಿ ಎನ್ನುತ್ತಾರೆ."

ನನಗೆ ಮಾಡಬಾರದ್ದನ್ನು ಮಾಡಿದೆವೇನೋ ಅನಿಸಿತು. ಅಮ್ಮ ಗೋಡೆಯ ಕಡೆ ತಿರುಗುತ್ತಿದ್ದರು. ಅಷ್ಟರಲ್ಲಿ ಅಕ್ಕ ಎದ್ದು ಅಡುಗೆಮನೆಗೆ ಓಡಿದ್ದರು. ಹೋಗಿ ನೋಡಿದರೆ ಫ್ರಿಜ್ಜಿನ ಮೇಲಿನ ರೂಟರನ್ನು ವಯರು ಸಮೇತ ಕಿತ್ತು ಎದೆಗೆ ಅವುಚಿಕೊಂಡಿದ್ದಾರೆ.

"ಅಕ್ಕಾ, ಕಾಲ್ ಕಟ್ ಆಗ್ತದ್ರೀ!"

"ಆಗಲಿ. ಇದಕ್ಕೇ ಸರಿಯಾಗಿ ಕೇಳಿಸುತ್ತಿಲ್ಲ, ಇದು ಇನ್ನೊಬ್ಬರಿಗೆ ಎಂತ ಹೇಳುತ್ತದೆ? ಬಾವಿಯ ಬದಿಗೆ ಮೂರು ಗೆರೆ ಇತ್ತಲ್ಲ, ಆ ಬದಿಯ ಕಿಟಕಿಯಲ್ಲಿ ಇಡುವ."

ಅಡುಗೆಮನೆಯ ಆ ಕಿಟಕಿಯಲ್ಲಿ ಉಪ್ಪಿನ ಭರಣಿಗಳಿದ್ದವು. ಅವನ್ನೆಲ್ಲ ಕೆಳಗಿಳಿಸಿ, ರೂಟರನ್ನು ಸರಳಿಗೆ ತಾಗಿಸಿಟ್ಟು, ಇಸ್ತ್ರಿ ಪೆಟ್ಟಿಗೆಗೆ ಬಳಸುತ್ತಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಎಳೆದು ತಂದೆವು. ಕಿಟಕಿಯ ಬಾಗಿಲನ್ನು ಅಕ್ಕ ಪೂರ್ತಿ ತೆರೆದರು. ದೀಪಗಳು ಒಂದೊಂದಾಗಿ ಹತ್ತಿದವು. ಹಿಂದಿನ ಕೋಣೆಗೆ ಬಂದು, ಚಿತ್ರವನ್ನು ಸಣ್ಣ ಮಾಡಿ, ಮತ್ತೆ ಕರೆ ಮಾಡಿದೆ.

ಈ ಸಲ ತಂಗಿಯ ಕೈ ನಿಲ್ಲಲಿಲ್ಲ. ಸ್ವಲ್ಪ ತಡೆತಡೆದು ಆದರೂ ನಡೆಯಿತು. ಅಕ್ಕ ಅಮ್ಮನನ್ನು ಬೇಡಿಕೊಂಡು ಮತ್ತೆ ತಿರುಗಿಸಿದರು. ಅಮ್ಮ ನೋಡಿದರು, ಆದರೆ ನಂಬಲಿಲ್ಲ. ನಂಬದ ಮುಖದಿಂದಲೇ ಹೊದಿಕೆಯೊಳಗಿನಿಂದ ಬಲಗೈ ತೆಗೆದು, ಕೆನ್ನೆಯ ಮೇಲೆ ಎರಡು ಬೆರಳು ಎಳೆದು, ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಪರದೆಯತ್ತ ಬೆರಳು ತೋರಿಸಿದರು.

ಪರದೆಯಲ್ಲಿ ತಂಗಿಗೆ ಬಂದ ಸಿಟ್ಟು! ತಲೆ ಅಲ್ಲಾಡಿಸಿ, ಎದೆ ಬಡಿದುಕೊಂಡು, ಇಲ್ಲ ಇಲ್ಲ ಎಂದು ಕೈ ಬೀಸಿ, ಬೆರಳನ್ನು ನೇರ ಅಕ್ಕನತ್ತ ಚುಚ್ಚಿದರು. ಒಂದು ಸಲ ಅಲ್ಲ, ಮತ್ತೆ ಮತ್ತೆ ಚುಚ್ಚಿದರು. ಹಿಂದೆ ನಿಂತಿದ್ದ ಮಗಳು ಗಾಬರಿಯಾಗಿ ತನ್ನ ತಾಯಿಯ ಭುಜ ಹಿಡಿದಳು.

ಇತ್ತ ಮಂಚದ ಮೇಲೆ ಅಮ್ಮನ ಎದೆ ಏರಿಳಿಯುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿದ್ದರೂ ನಗುತ್ತಿದ್ದರು.

ಏನಾಯಿತೆಂದು ಅಕ್ಕ ಆಮೇಲೆ ಹೇಳಿದರು. ಚಿಕ್ಕಂದಿನಲ್ಲಿ ಒಂದು ದಿನ ತಂದೆಗೆಂದು ಹುರಿದಿಟ್ಟ ಬಂಗುಡೆ ಕಾಣೆಯಾಯಿತು. ಪೆಟ್ಟು ಬಿದ್ದದ್ದು ತಂಗಿಗೆ. ದೊಡ್ಡವಳಾದ ಮೇಲೂ ಅಮ್ಮ ಅದನ್ನು ಹೇಳಿ ಕೆಣಕಿದರೆ ಆಕೆ ಹೀಗೆಯೇ ಉರಿದುಬೀಳುತ್ತಿದ್ದಳು.

"ಮತ್ತೆ ತಿಂದದ್ದು ಯಾರ್ರೀ?" ಎಂದೆ.

"ಎಂತ ಕೇಳುವುದು ಮಾರಾಯ್ತಿ, ಅವಳು ಬೆರಳು ತೋರಿಸಲಿಲ್ವಾ?" ಎಂದು ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಅಮ್ಮ ಅಂದು ಹೇಳಿದ್ದು ಇಷ್ಟು: ಫೋಟೋಕ್ಕೆ ಸಿಟ್ಟು ಬರುವುದಿಲ್ಲ. ಆಮೇಲೆ ಗಂಜಿ ಕೇಳಿದರು. ಅಕ್ಕ ಗಂಜಿ ಉಣ್ಣಿಸಿದ್ದು ತಂಗಿಯ ಕಣ್ಣೆದುರಿಗೇ. ಒಂದೊಂದು ತುತ್ತಿಗೂ ಮುಂಬೈಯಿಂದ ಆಕೆ ಬಾಯಿ ತೆರೆದು ತೋರಿಸುತ್ತಿದ್ದರು, ಮಗುವಿಗೆ ತೋರಿಸಿದ ಹಾಗೆ.

ಅಂದಿನಿಂದ ಸಂಜೆ ಕೆಲಸದಿಂದ ಬಂದು ಲ್ಯಾಪ್‌ಟಾಪನ್ನು ಕೆಳಗೆ ಕೊಡುವುದು ನನ್ನ ಅಭ್ಯಾಸವಾಯಿತು. ಅಮ್ಮನಿಗೆ ಎಲ್ಲವನ್ನೂ ನೋಡಬೇಕು. ಮುಂಬೈಯ ಮನೆಯ ಒಲೆ, ಅಕ್ಕಿಯ ಡಬ್ಬ, ಅಳಿಯ ಮಲಗುವ ಜಾಗ, ಕಿಟಕಿಯ ಹೊರಗಿನ ರೈಲು. ಅಳಿಯ ಕ್ಯಾಮೆರಾದೆದುರು ಬಂದು ಕೈ ಮುಗಿದು ನಿಂತರೆ ಅಮ್ಮ ಇನ್ನೂ ತೆಳ್ಳಗಾದೆ ಎಂದು ಕೈಯಲ್ಲೇ ಬೈಯುತ್ತಿದ್ದರು. ಅಕ್ಕನಿಗೆ ಬೇರೆ ಕುತೂಹಲಗಳು. ಮಳೆ ಬಂದಾಗ ಗೆರೆ ಕಡಿಮೆಯಾಗುತ್ತದೋ? ಬಾವಿಯ ಬದಿ ಒದ್ದೆ ಬಟ್ಟೆ ಹಾಕಿದರೆ? ಅದನ್ನೂ ಹಾಕಿ, ತೆಗೆದು, ಹಾಕಿ ನೋಡಿದರು. ಒಮ್ಮೆ ನಾನು ಇಳಿದು ಬಂದಾಗ ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನುವಷ್ಟು ಮೌನ. ಹಿಂದಿನ ಕೋಣೆಗೆ ಹೋದರೆ ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು, ಆರು ಕೈಗಳೂ ಗಾಳಿಯಲ್ಲಿ. ದಿನವಿಡೀ ಮಾತಾಡಿ ಬದುಕಿದ ಅಕ್ಕ ಅಷ್ಟು ನಿರಾಳವಾಗಿದ್ದುದನ್ನು ನಾನು ಬೇರೆ ಹೊತ್ತಿನಲ್ಲಿ ಕಂಡಿಲ್ಲ.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅಮ್ಮ ತೀರಿಕೊಂಡರು. ನಿದ್ದೆಯಲ್ಲಿ, ನೋವಿಲ್ಲದೆ. ತಂಗಿ ಮಗಳೊಂದಿಗೆ ರೈಲಿನಲ್ಲಿ ಬಂದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಕೆ ಒಳಗೆ ಬಂದವರು ಯಾರನ್ನೂ ನೋಡದೆ ನೇರ ಹಿಂದಿನ ಕೋಣೆಗೆ ಹೋದರು. ಬಾಗಿಲಲ್ಲಿ ನಿಂತು ಕೋಣೆಯನ್ನು ಆ ಮೂಲೆಯಿಂದ ಈ ಮೂಲೆಯವರೆಗೆ ನೋಡಿದರು. ಇಷ್ಟು ದಿನ ಅವರಿಗೆ ಕಂಡದ್ದು ಒಂದು ದಿಂಬು, ಅಮ್ಮನ ಮುಖ, ಹಿಂದಿನ ಗೋಡೆಯ ಒಂದು ತುಂಡು. ಅವರು ಹೋಗಿ ಮಂಚದ ಮೇಲೆ ಕುಳಿತರು. ಆಮೇಲೆ ನಿಧಾನಕ್ಕೆ ಅಮ್ಮ ತಲೆಯಿಡುತ್ತಿದ್ದ ಕಡೆ ತಲೆಯಿಟ್ಟು ಮಲಗಿ, ಸ್ಟೂಲಿನ ಕಡೆಗೆ ಹೊರಳಿದರು. ಸ್ಟೂಲು ಖಾಲಿ ಇತ್ತು. ಅಕ್ಕ ಬಂದು ಆ ಸ್ಟೂಲಿನ ಮೇಲೆ ಕುಳಿತರು.

ತಂಗಿ ಕೈಯಲ್ಲಿ ಏನೋ ಕೇಳಿದರು. ಅಕ್ಕ ಉತ್ತರ ಕೊಟ್ಟರು. ತಂಗಿ ಒಂದು ಸಣ್ಣ ಸನ್ನೆ ಮಾಡಿ, ಕಣ್ಣು ಮುಚ್ಚಿಕೊಂಡರು.

ಹೊರಗೆ ಬಂದ ಮೇಲೆ ನಾನು ತಡೆಯಲಾಗದೆ ಕೇಳಿದೆ: "ಅವರು ಏನು ಕೇಳಿದ್ರೀ ಅಕ್ಕಾ?"

"ಅಮ್ಮನಿಗೆ ನಾನು ಎಷ್ಟು ದೊಡ್ಡದಾಗಿ ಕಾಣುತ್ತಿದ್ದೆ ಅಂತ ಕೇಳಿದಳು. ಇಷ್ಟು ಅಂತ ತೋರಿಸಿದೆ." ಅಕ್ಕ ಎರಡು ಅಂಗೈಗಳನ್ನು ಎದುರುಬದುರು ಹಿಡಿದರು. ನಡುವೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

"ಅದಕ್ಕೆ?"

"ಸಾಕಿತ್ತು ಎಂದಳು."